ಮುತ್ಯಾನ ಮೂಗಿಗೆ ಬಾರದಷ್ಟು ಅತ್ತರು

ನಮ್ಮ ಸುವರ್ಣಾಗೆ ನೌಕರಿ ಕಾಯಂ ಆಯಿತು. ಸೇಡಂನ ಒಂದು ಹುಡುಗಿಯರ ಶಾಲೆಯಲ್ಲಿ ಟೀಚರ್. ಇನ್ನೊಬ್ಬರು ಹೆರಿಗೆಗೆ ಹೋದ ಜಾಗ ಅಲ್ಲ, ರಜೆ ಮುಗಿಯುವ ತನಕದ ಜಾಗ ಅಲ್ಲ, ಅವಳದೇ ಜಾಗ. ಇದನ್ನು ಮೊದಲು ಬರೆದು ಆಮೇಲೆ ಉಳಿದದ್ದು ಬರೆಯುತ್ತೇನೆ. ಮೊನ್ನೆ ಗುರುವಾರ ಸುದ್ದಿ ಬಂದಾಗಿನಿಂದ ಬಾಗಿಲಿಗೆ ಬಂದವರಿಗೆಲ್ಲ ಇದೇ ಹೇಳುತ್ತಿದ್ದೇನೆ. ಹಾಲಿನವನಿಗೆ ನಿನ್ನೆಯೂ ಹೇಳಿ ಇವತ್ತೂ ಹೇಳಿದೆನೆಂದು ನನ್ನ ಹೆಂಡತಿ ನಗುತ್ತಾಳೆ. ನಗಲಿ.

ಸುವರ್ಣಾ ನನ್ನ ಮೊಮ್ಮಗಳು, ಮಗ ಮಲ್ಲಣ್ಣನ ಹಿರಿಯ ಮಗಳು. ನಾವು ಶಹಾಬಾದಿನವರು. ಈಗ ೧೯೮೪ನೇ ಇಸವಿ ನಡೆದಿದೆ. ನಾನು ಶಾಲೆ ಕಂಡದ್ದು ಮೂರನೇ ಇಯತ್ತೆ ತನಕ. ಆಮೇಲೆ ಕಂಡದ್ದೆಲ್ಲ ಕಲ್ಲು. ನೆಲಕ್ಕೆ ಹಾಸುವ ಪರಸಿ ಕಲ್ಲು ಪಾಲಿಶ್ ಮಾಡುವ ಯಾರ್ಡಿನಲ್ಲಿ ಹರೆಯ ಕಳೆದು ಮುದುಕನಾದೆ. ಆ ಧೂಳು ನನ್ನ ಮೂಗನ್ನು ತಿಂದು ಹಾಕಿತು. ಒಗ್ಗರಣೆ ಹೊತ್ತಿದರೂ ನನಗೆ ತಿಳಿಯುವುದಿಲ್ಲ, ಹೊಗೆ ಕಣ್ಣಿಗೆ ಬಂದ ಮೇಲೆ ತಿಳಿಯುತ್ತದೆ. ತೀರಾ ಘಾಟು ಇದ್ದರೆ ಮಾತ್ರ ಸ್ವಲ್ಪ ತಟ್ಟುತ್ತದೆ. ಈ ಮೂಗಿನ ವಿಷಯ ನೆನಪಿನಲ್ಲಿರಲಿ, ಮುಂದೆ ಬರುತ್ತದೆ.

ಸುವರ್ಣಾ ಗುಲ್ಬರ್ಗಾದಲ್ಲಿ ಟೀಚರ್ ಟ್ರೇನಿಂಗ್, ಟಿ.ಸಿ.ಎಚ್., ಮುಗಿಸಿದಳು. ಆದರೆ ಸಿಕ್ಕಿದ ಕೆಲಸಗಳೆಲ್ಲ ಲೀವ್ ವೇಕೆನ್ಸಿ. ಮೊದಲು ಚಿತ್ತಾಪುರದಲ್ಲಿ, ಆಮೇಲೆ ಚಿಂಚೋಳಿಯ ಆ ಕಡೆ, ಚಂದ್ರಂಪಳ್ಳಿ ಕೆರೆಯ ಹತ್ತಿರದ ಒಂದು ಹಳ್ಳಿಯಲ್ಲಿ, ಆಮೇಲೆ ಕುರಕುಂಟಾದಲ್ಲಿ. ಮಕ್ಕಳ ಹೆಸರು ಬಾಯಿಗೆ ಬರುವಷ್ಟರಲ್ಲಿ ಕಾಯಂ ಟೀಚರ್ ರಜೆ ಮುಗಿಸಿ ಬಂದುಬಿಡುತ್ತಿದ್ದರು. ಇವಳು ಟ್ರಂಕು ಹಿಡಿದು ಬಸ್ಸಿನಿಂದ ಇಳಿದರೆ ಓಣಿಯವರು ಕೇಳುವುದು ಒಂದೇ ಮಾತು, "ಮತ್ತ ತೆಗೆದ್ರೇನು?"

ಈ ಮಧ್ಯೆ ಒಂದು ಸಂಬಂಧ ಬಂತು. ನನ್ನ ಮಗಳು ಸರೋಜಾಳನ್ನು ತಾಂಡೂರಿಗೆ ಕೊಟ್ಟಿದ್ದೇವೆ. ಅವಳ ಗಂಡನ ಕಡೆಯ ಹುಡುಗ. ಹುಡುಗ ಕೆಟ್ಟವನಲ್ಲ, ಮನೆಯೂ ಅನುಕೂಲದ್ದೇ. ಆದರೆ ಸೊಸೆ ಹೊರಗೆ ಹೋಗಿ ದುಡಿಯುವುದು ಬೇಡ ಎಂದು ಅವರು ಮೊದಲೇ ಹೇಳಿದ್ದರು. ಸುವರ್ಣಾ ಊಟ ಬಿಡಲಿಲ್ಲ, ಅಳಲಿಲ್ಲ. "ಒಂದು ಕಾಯಂ ನೌಕರಿ ನೋಡ್ಕೋತೀನಿ ಅಪ್ಪಾ, ಅಲ್ಲಿತನಕ ನಿಲ್ಲು" ಎಂದಳು. ಮಲ್ಲಣ್ಣ ನಿಂತ, ಆದರೆ ಗೆರೆ ಎಳೆದು ನಿಂತ: "ಬರೋ ಬ್ಯಾಸಗಿ ಮುಗಿಯೋತನಕ ನೋಡ್ತೀನಿ. ಆಗಲಿಲ್ಲಂದ್ರ ತಾಂಡೂರಿನವರಿಗಿ ಹೂಂ ಅಂತೀನಿ."

ಹೋದ ವರ್ಷ ಚಿತ್ತಾಪುರದಲ್ಲಿ ಒಂದು ಇಂಟರ್‌ವ್ಯೂ ಬಂತು. ಸರೋಜಾ ತಾನೇ ಬಂದು ಅಣ್ಣನ ಮಗಳನ್ನು ಸಿಂಗರಿಸಿದಳು. ನಮ್ಮ ಸುವರ್ಣಾಳ ಹೆಸರು ಬಂಗಾರದ್ದು, ಬಣ್ಣ ನನ್ನದು, ಕಪ್ಪು. ಆ ಬಣ್ಣ ಮುಚ್ಚಲು ಸರೋಜಾ ಸ್ನೋ ಬಳಿದಳು, ಅದರ ಮೇಲೆ ಪೌಡರ್ ಬಳಿದಳು, ಹೈದರಾಬಾದಿನಿಂದ ತಂದ ಸೆಂಟು ಸೀರೆಗೆಲ್ಲ ಹೊಡೆದಳು. ಅಲ್ಲಿ ಕುಳಿತವರಲ್ಲಿ ಒಬ್ಬರು ಮಾತಿನ ನಡುವೆ ಎದ್ದು ಕಿಟಕಿ ತೆರೆದರಂತೆ. ಕಿಟಕಿ ಯಾಕೆ ತೆರೆದರೋ, ಸೆಕೆಗೂ ಇದ್ದೀತು. ಆದರೆ ಇವಳ ಬಾಯಿ ಅಲ್ಲಿಂದ ಮುಂದೆ ಕಟ್ಟಿಹೋಯಿತು.

ಮುಂದಿನ ಇಂಟರ್‌ವ್ಯೂಗೆ ಗೆಳತಿಯೊಬ್ಬಳ ಮಾತು ಕೇಳಿ ಏನೂ ಹಚ್ಚದೆ, ಎಣ್ಣೆ ತಲೆ, ಬರಿ ಮುಖದಲ್ಲಿ ಹೋದಳು. ಅಲ್ಲಿ ಕುಳಿತಿದ್ದ ಒಬ್ಬ ಹೆಣ್ಣುಮಗಳು ಮೊದಲು ಕೇಳಿದ್ದು, "ಮೈಯಾಗ ಹುಷಾರ ಇಲ್ಲೇನವ್ವ?" ಎಂದು.

ಆ ದಿನ ಸಂಜೆ ಅವಳು ಬಂದು ಅಂಗಳದ ಪರಸಿಯ ಮೇಲೆ ನನ್ನ ಪಕ್ಕದಲ್ಲಿ ಕುಳಿತಳು. ನಮ್ಮಲ್ಲಿ ಅಜ್ಜನಿಗೆ ಮುತ್ಯಾ ಅನ್ನುತ್ತಾರೆ.

"ಮುತ್ಯಾ, ನನಗ ಯಾವುದು ಒಪ್ತದ ಅಂತ ಊರ ಮಂದಿಗೆಲ್ಲ ಗೊತ್ತದ. ನನಗೇ ಗೊತ್ತಿಲ್ಲ" ಎಂದಳು.

"ನನ್ನ ಕೇಳಬ್ಯಾಡವ್ವ, ನನಗ ಕಲ್ಲಷ್ಟೇ ಗೊತ್ತು."

"ಕಲ್ಲು ಸರಿ ಪಾಲಿಶ್ ಆಗ್ಯದಂತ ನಿನಗ ಹೆಂಗ ಗೊತ್ತಾಗ್ತದ?"

"ಕೈಯಾಡಿಸಿದ್ರ ಗೊತ್ತಾಗ್ತದ. ಹೆಂಗ ಅಂದ್ರ ಹೇಳಾಕ ಬರಂಗಿಲ್ಲ."

"ಮೊದ್ಲಿಂದನೂ ಗೊತ್ತಾಗ್ತಿತ್ತೇನು?"

"ಎಲ್ಲಿದು. ಭಾಳ ಕಲ್ಲು ಕೆಡಿಸೀನಿ" ಎಂದೆ. ಅವಳು ನಕ್ಕಳು. ಆ ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಆಮೇಲಿನ ಸಂತೆಯ ದಿನ ಇಬ್ಬರೂ ಬಜಾರಿಗೆ ಹೋಗಿದ್ದೆವು. ಸ್ಟೇಷನ್ ರಸ್ತೆಯ ಬದಿಯಲ್ಲಿ ಖಾದರ್ ಸಾಹೇಬರು ಎಂಬ ಮುದುಕರು ಕಟ್ಟಿಗೆಯ ಪೆಟ್ಟಿಗೆ ಇಟ್ಟುಕೊಂಡು ಅತ್ತರು ಮಾರುತ್ತಾರೆ. ಸುವರ್ಣಾ ಅಲ್ಲಿ ನಿಂತು ಒಂದು ಬಾಟಲಿಯ ಬಿರಡೆ ತೆಗೆದು ಮೂಸಲು ಹೋದಳು. ಅವರು ಕೈ ಅಡ್ಡ ಹಿಡಿದರು.

"ಬಾಟ್ಲಿ ಮೂಸಿ ತಗೋಬ್ಯಾಡ ಬೇಟಿ. ಬಾಟ್ಲ್ಯಾಗ ಎಲ್ಲಾನೂ ಚೆಂದನೇ ಇರ್ತಾವ. ಮುಂಗೈಗಿ ಹಚ್ಚಿಕೊಂಡು ಬಜಾರ ತಿರುಗಿ ಬಾ. ಬಿಸಿಲು ಬೀಳಲಿ, ಬೆವರು ಬರಲಿ. ಆಮ್ಯಾಗ ಏನ್ ಉಳೀತದ, ಅದು ನಿಂದು."

"ಸಾಹೇಬ್ರ, ಇಕಿ ಹಚ್ಚಿಕೊಂಡು ಹಂಗೇ ಮನಿಗಿ ಹೋದ್ರ?" ಎಂದೆ.

"ಹೋಗಲಿ ಬಿಡ್ರಿ. ದಾರ್‍ಯಾಗ ಹತ್ತು ಮಂದಿಗಿ ವಾಸನಿ ಬಡೀತದ, ಅದರಾಗ ಒಬ್ಬರು ನನ್ನ ಹುಡುಕ್ಕೊಂಡು ಬರ್ತಾರ" ಎಂದು ಅವರು ಗಡ್ಡದೊಳಗೇ ನಕ್ಕರು.

ಹೀಗೆ ಶುರುವಾಯಿತು. ಪ್ರತಿ ಸಂತೆಗೆ ಒಂದೊಂದು ಅತ್ತರು ಮುಂಗೈಗೆ ಹಚ್ಚಿಸಿಕೊಂಡು ನನ್ನ ಜೊತೆ ತಿರುಗುವುದು, ತಿರುಗಿ ಬಂದು ಬೇಡ ಅನ್ನುವುದು. ಹೀನಾ, ಅಂದರೆ ಮದರಂಗಿಯ ಅತ್ತರು ಹಚ್ಚಿದ ದಿನ, "ಲಗ್ನದ ಮನ್ಯಾಗಿನ ಜಮಖಾನಿ ವಾಸನಿ ಬರ್ತದ" ಎಂದಳು. ಮೊಗರಾ, ಅಂದರೆ ಮಲ್ಲಿಗೆಯದು ಹಚ್ಚಿದ ದಿನ, "ಚೆಂದ ಅದ, ಆದ್ರ ಇದು ಸರೋಜಾ ಅತ್ತಿದು" ಎಂದಳು. ಒಂದು ದಿನ ಎರಡನ್ನು ಕೂಡಿಸಿ ಹಚ್ಚಿಕೊಂಡು ಬಸ್ಸಿಗೆ ಹತ್ತಿದರೆ ಪಕ್ಕದ ಹೆಣ್ಣುಮಗಳು ಮಗುವನ್ನೆತ್ತಿಕೊಂಡು ಹಿಂದಿನ ಸೀಟಿಗೆ ಹೋದಳಂತೆ. "ಕಲ್ಲು ಕೆಡಿಸಾಕತ್ತೀನಿ ಮುತ್ಯಾ" ಎಂದು ನನಗೆ ಬಂದು ಹೇಳಿದಳು. ಈ ಸಲ ಮುಖ ಬಾಡಿರಲಿಲ್ಲ.

ಬೇಸಿಗೆ ಶುರುವಾದ ಮೇಲೆ ಖಾದರ್ ಸಾಹೇಬರು ಖಸ್ ಹಚ್ಚಿ ಕಳಿಸಿದರು. ಬಿಸಿಲಿಗೆ ಲಾವಂಚದ ತಟ್ಟಿ ಕಟ್ಟುತ್ತಾರಲ್ಲ, ಅದೇ ಬೇರಿನ ಅತ್ತರು. ಅವತ್ತು ನನಗೆ ಹಳೆಯ ಯಾರ್ಡಿನಲ್ಲಿ ಒಬ್ಬರನ್ನು ಕಾಣುವುದಿತ್ತು. ಅಲ್ಲಿ ಗರಗಸ ನಡೆದಿತ್ತು, ಕಾಯ್ದ ಪರಸಿಯ ಮೇಲೆ ನೀರು ಬಿಡುತ್ತಿದ್ದರು. ಸುವರ್ಣಾ ನಡೆಯುತ್ತಿದ್ದವಳು ನಿಂತಳು. ಮುಂಗೈ ಮೂಸಿದಳು. ನೀರು ಬಿದ್ದ ಕಲ್ಲಿನ ಕಡೆ ನೋಡಿದಳು. ಮತ್ತೆ ಮೂಸಿದಳು.

"ಮುತ್ಯಾ, ಯಾವುದು ಕೈದು, ಯಾವುದು ಕಲ್ಲಿಂದು ಗೊತ್ತಾಗವಲ್ದು."

ನನಗೆ ಕಲ್ಲಿನದೂ ಬರಲಿಲ್ಲ, ಕೈಯದೂ ಬರಲಿಲ್ಲ. ಆದರೆ ಹಸಿ ಪರಸಿಯ ವಾಸನೆ ನನಗೆ ನೆನಪಿತ್ತು. ಅದಿನ್ನೂ ನನಗೆ ಬರುತ್ತಿದ್ದ ಕಾಲದಲ್ಲಿ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮಧ್ಯಾಹ್ನ ನೀರು ಬಿಟ್ಟ ಕೂಡಲೇ ಎಲ್ಲರೂ ಒಂದು ಗಳಿಗೆ ಸುತ್ತಿಗೆ ಇಟ್ಟು ಕೂರುತ್ತಿದ್ದೆವು. ಅದನ್ನು ಅವಳಿಗೆ ಹೇಳಿದೆ. ಅವಳು ತಿರುಗಿ ಹೋಗಿ ಖಾದರ್ ಸಾಹೇಬರಿಗೆ, "ಇದೇ ಕೊಡ್ರಿ ಚಾಚಾ" ಎಂದಳು. ಬೆಲೆ ಕೂಡ ಕೇಳಲಿಲ್ಲ.

ಆಮೇಲೆ ಒಂದೊಂದಾಗಿ ಉಳಿದವೂ ಬದಲಾದವು. ಪೌಡರ್ ಡಬ್ಬಿ ತಂಗಿಗೆ ಕೊಟ್ಟಳು. ನನ್ನ ಹೆಂಡತಿ ಹರಳೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಹಿಡಿದು ಮಾಡುವ ಕಾಡಿಗೆ ತೆಳ್ಳಗೆ ಹಚ್ಚತೊಡಗಿದಳು. ಕಡು ಹಸಿರು ಕೈಮಗ್ಗದ ಸೀರೆ ತಂದಳು. ಅವಳ ತಾಯಿ, "ಕಪ್ಪ ಮೈಗಿ ಕಡು ಬಣ್ಣ ಯಾರರ ತರ್ತಾರೇನು? ಇನ್ನಾ ಕಪ್ಪ ಕಾಣ್ತಿ" ಎಂದಳು.

"ಕಪ್ಪ ಇದ್ದೀನಲ್ಲ ಯವ್ವಾ, ಕಪ್ಪೇ ಕಾಣ್ಲಿ. ನನಗ ಒಪ್ಯದ."

ಹಾಗೆ ಅಂದದ್ದರಲ್ಲಿ ಸಿಟ್ಟಿರಲಿಲ್ಲ. ಹೊತ್ತು ಎಷ್ಟಾಯಿತು ಎಂದು ಕೇಳಿದರೆ ಹೇಳುವ ಹಾಗೆ ಹೇಳಿದಳು.

ನನ್ನ ಮೂಗಿಗೆ ಕೆಲಸ ಬಂದದ್ದು ಆಗಲೇ. ಅತ್ತರು ಎಷ್ಟು ಹಚ್ಚಬೇಕೆಂದು ಅವಳಿಗೆ ಅಳತೆ ಸಿಗುತ್ತಿರಲಿಲ್ಲ. ಒಂದು ದಿನ ಹಚ್ಚಿಕೊಂಡು ನನ್ನ ಹತ್ತಿರ ಬಂದು, "ಮುತ್ಯಾ, ವಾಸನಿ ಬಂತೇನು?" ಎಂದಳು. ಬಂದಿಲ್ಲ ಎಂದೆ. "ಹಂಗಾದ್ರ ಸರಿ ಅದ" ಎಂದು ಹೋದಳು. ಅಂದಿನಿಂದ ಅದೇ ನೇಮವಾಯಿತು. ಮುತ್ಯಾನ ಮೂಗಿಗೇ ಬಂತೆಂದರೆ ಊರಿಗೆಲ್ಲ ಬಡಿಯುತ್ತದೆ, ಒರೆಸಿಕೊಳ್ಳಬೇಕು. ಬರದಿದ್ದರೆ ಸರಿ. ಯಾರ್ಡು ಬಿಟ್ಟ ಮೇಲೆ ನನ್ನಿಂದ ಮನೆಗೆ ಯಾವ ಉಪಯೋಗವೂ ಇಲ್ಲ ಎಂದುಕೊಂಡಿದ್ದೆ. ಕೆಟ್ಟ ಮೂಗಿಗೂ ಒಂದು ನೌಕರಿ ಕೊಟ್ಟಳು.

ಈ ಬೇಸಿಗೆಯ ಕೊನೆಗೆ ಸೇಡಂನ ಇಂಟರ್‌ವ್ಯೂ ಬಂತು. ಮಲ್ಲಣ್ಣನ ಗಡುವಿನೊಳಗೆ ಇದೇ ಕೊನೆಯದು ಎಂದು ಮನೆಯವರಿಗೆಲ್ಲ ಗೊತ್ತಿತ್ತು. ಹಿಂದಿನ ದಿನವೇ ಸರೋಜಾ ತಾಂಡೂರಿನಿಂದ ಬಂದಿದ್ದಳು. ಬೆಳಿಗ್ಗೆ ಸುವರ್ಣಾ ಹಸಿರು ಸೀರೆ ಉಟ್ಟು, ಖಸ್ ಹಚ್ಚಿಕೊಂಡು ನನ್ನ ಮುಂದೆ ನಿಂತಳು. ಬಂದಿಲ್ಲ ಎಂದೆ. ಜೊತೆಗೆ ಹೋಗುವವನು ನಾನೇ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಒಳ್ಳೆಯ ಕೆಲಸಕ್ಕೆ ಹೊರಟವರಿಗೆ ಹೊಸ್ತಿಲ ಬಳಿ ಮನೆಮಗಳು ಕೈಯಾರೆ ಅತ್ತರು ಹಚ್ಚಿ ಕಳಿಸಬೇಕು. ಅದು ಮನೆಮಗಳ ಹಕ್ಕು, ಬೇಡ ಅನ್ನುವಂತಿಲ್ಲ. ಸುವರ್ಣಾ ತನ್ನ ಖಸ್ ಬಾಟಲಿಯನ್ನೇ ಮುಂದೆ ಹಿಡಿದಳು. ಸರೋಜಾ ಅದನ್ನು ತೆಗೆದುಕೊಳ್ಳಲಿಲ್ಲ. "ಬೇರಿನ ವಾಸನಿ ಏನು ಹಚ್ಚಿ ಕಳಿಸ್ಲಿ ನಾ, ಖಾಲಿ ಹಣಿಲೆ ಕಳಿಸಿದಂಗ ಆಗ್ತದ" ಎಂದು ತನ್ನ ಹೈದರಾಬಾದ್ ಸೆಂಟನ್ನೇ ಸೆರಗಿಗೆ ಸುರಿದಳು. ಪ್ರೀತಿಯಿಂದಲೇ ಸುರಿದಳು, ಕಣ್ಣಲ್ಲಿ ನೀರೂ ಇತ್ತು. ರೈಲಿನ ಹೊತ್ತಾಗಿತ್ತು, ಓಡಿದೆವು.

ರೈಲಿನಲ್ಲಿ ಕುಳಿತ ಸ್ವಲ್ಪ ಹೊತ್ತಿಗೆ ನನ್ನ ಗಂಟಲಲ್ಲಿ ಏನೋ ಸಿಹಿ ಸಿಹಿ ಹಿಡಿದಂತಾಯಿತು.

"ಸುವರ್ಣಾ, ನನಗೇ ವಾಸನಿ ಬರಾಕತ್ತದಲ್ಲ" ಎಂದೆ.

ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. "ಗೊತ್ತದ ಮುತ್ಯಾ."

"ಅತ್ತಿ ಪ್ರೀತಿಲೆ ಹಾಕ್ಯಾಳ. ಇರಲಿ ಬಿಡು."

"ಪ್ರೀತಿ ಬೇಕು ಮುತ್ಯಾ. ವಾಸನಿ ಬ್ಯಾಡ."

ವಾಡಿಯಲ್ಲಿ ಇಳಿದು ಸೇಡಂ ಕಡೆಯ ಗಾಡಿ ಹಿಡಿಯಬೇಕು. ಆ ಗಾಡಿಗೆ ಇನ್ನೂ ಹೊತ್ತಿತ್ತು. ಸುವರ್ಣಾ ಇಳಿದವಳೇ ಪ್ಲಾಟ್‌ಫಾರ್ಮಿನ ನಳದ ಹತ್ತಿರ ಹೋಗಿ ನಿಂತಳು. ನನ್ನ ಹೆಂಡತಿ ಚೀಲದಲ್ಲಿ ಹಾಕಿದ್ದ ಸಾಬೂನಿನ ಚೂರು ಕೇಳಿದಳು.

"ಸೆರಗು ತೊಳೀತೀನಿ."

"ಇಲ್ಲೇ? ಹಸಿ ಸೀರ್‍ಯಾಗ ಹೋಗ್ತೇನು?"

"ಹಸಿ ಸೀರ್‍ಯಾಗ ಹೋದ್ರ ನಡೀತದ. ಅತ್ತಿ ಸೆರಗು ಹೊತ್ಕೊಂಡು ಹೋಗಂಗಿಲ್ಲ. ಚಿತ್ತಾಪುರಕ್ಕ ಹಂಗೇ ಹೋಗಿದ್ದೆ."

ಸೆರಗು ತೊಳೆಯಬೇಕಾದರೆ ಹೆಗಲ ಮೇಲಿಂದ ತೆಗೆಯಬೇಕು. ಸುತ್ತಲೂ ಜನ. ಅವಳು ಆ ಕಡೆ ಈ ಕಡೆ ನೋಡಿದಳು. ನಾನು ತಲೆಯ ರುಮಾಲು ಬಿಚ್ಚಿ ಅವಳಿಗೆ ಹೊದ್ದುಕೊಳ್ಳಲು ಕೊಟ್ಟೆ. ಉದ್ದನೆಯ ಬಿಳಿ ರುಮಾಲು, ಎರಡು ಸುತ್ತು ಬಂತು. ನಮ್ಮ ಕಡೆ ವಯಸ್ಸಾದ ಗಂಡಸು ಜನರ ನಡುವೆ ಬರಿತಲೆಯಲ್ಲಿ ನಿಲ್ಲುವುದು ಸಾವಿನಲ್ಲಿ ಮಾತ್ರ. ನನಗೆ ತಲೆಗೆ ಗಾಳಿ ತಾಗಿ ಒಂದು ಥರಾ ಆಯಿತು. ಅಷ್ಟರಲ್ಲಿ ಯಾರ್ಡಿನ ಗುರುತಿನವನೊಬ್ಬ ಎದುರಿಗೆ ಬಂದು, ನನ್ನ ತಲೆ ನೋಡಿ ಚೀಲ ಕೆಳಗಿಟ್ಟು ಮೆಲ್ಲಗೆ ಕೇಳಿದ, "ಯಾರು ಹೋದ್ರಪ್ಪ?"

"ಯಾರೂ ಹೋಗಿಲ್ಲ. ಮೊಮ್ಮಗಳು ಇಂಟರ್‌ವ್ಯೂಗಿ ಹೋಗಾಕತ್ತಾಳ" ಎಂದೆ.

ಅವನು ನನ್ನನ್ನು ನೋಡಿದ, ನಳದ ಬಳಿ ಸೀರೆ ತಿಕ್ಕುತ್ತಿದ್ದ ಅವಳನ್ನು ನೋಡಿದ, ಚೀಲ ಎತ್ತಿಕೊಂಡು ಹೋದ. ಏನು ತಿಳಿದನೋ ದೇವರೇ ಬಲ್ಲ.

ಸೆರಗು ಹಿಂಡಿದ ಮೇಲೆ ಒಣಗಿಸುವುದು ಎಲ್ಲಿ ಎಂದು ಅವಳು ನಿಂತಳು. ಆ ವಿಷಯ ನನ್ನದು. ಬಿಸಿಲಿಗೆ ಬಿದ್ದಿದ್ದ ಒಂದು ಕಲ್ಲಿನ ಬೆಂಚು ಇತ್ತು, ನಮ್ಮದೇ ಕಡೆಯ ಪರಸಿ. ಕೈಯಿಟ್ಟರೆ ಸುಡುತ್ತಿತ್ತು. ಅಂಗಿಯ ತುದಿಯಿಂದ ಧೂಳು ಒರೆಸಿ, "ಇಲ್ಲಿ ಹಾಸು, ಈ ಕಲ್ಲು ನಾ ಬಲ್ಲೆ" ಎಂದೆ. ಅವಳು ಬೆಂಚಿನ ತುದಿಗೆ ಕುಳಿತು ಸೆರಗು ಹಾಸಿದಳು. ನಾನು ಅಂಗೈಯಿಂದ ಅದನ್ನು ನೀವುತ್ತ ಕುಳಿತೆ, ಪಾಲಿಶ್ ನೋಡುವ ಹಾಗೆ. ಕೆಳಗಿನಿಂದ ಕಲ್ಲು, ಮೇಲಿನಿಂದ ಬಿಸಿಲು. ಗಾಡಿ ಬರುವಷ್ಟರಲ್ಲಿ ಸೆರಗು ಒಣಗಿತ್ತು, ಇಸ್ತ್ರಿ ಮಾಡಿದಂತೆ ಸುಕ್ಕೂ ಹೋಗಿತ್ತು. ಅವಳು ರುಮಾಲು ನನಗೆ ಕೊಟ್ಟು, ಸೆರಗು ಹೊದ್ದು, ಖಸ್ ಒಂದೇ ಬೆರಳು ತಾಗಿಸಿಕೊಂಡು ನನ್ನ ಕಡೆ ಬಾಗಿದಳು.

"ಬಂತೇನು ಮುತ್ಯಾ?"

"ಇಲ್ಲವ್ವ."

"ಹಂಗಾದ್ರ ಸರಿ ಅದ."

ಸೇಡಂನಲ್ಲಿ ನಾನು ಶಾಲೆಯ ಹೊರಗೆ ಬೇವಿನ ನೆರಳಲ್ಲಿ ಕುಳಿತೆ. ಅವಳು ಒಳಗೆ ಹೋಗುವುದನ್ನು ನೋಡಿದೆ. ಹೋದ ವರ್ಷ ಚಿತ್ತಾಪುರಕ್ಕೆ ಹೊರಟಾಗ ಸೀರೆಯ ನೆರಿಗೆ ಹಿಡಿದು ಹಿಡಿದು ನಡೆದಿದ್ದಳು. ಈ ಸಲ ಕೈ ಬೀಸಿಕೊಂಡು ಹೋದಳು. ಹೊರಗೆ ಬಂದಾಗ ಕೇಳಿದೆ, ಏನು ಕೇಳಿದರು ಎಂದು.

"ಒಂದು ಕಡಿ ನಿಂತಿಲ್ಲ, ಬರೇ ಊರೂರು ತಿರುಗೀರಲ್ಲ ಅಂದ್ರು. ಹೌದ್ರಿ, ಅದಕ್ಕೇ ಹೊಸ ಮಕ್ಕಳ ಹೆಸರು ಒಂದೇ ದಿನದಾಗ ಕಲೀತೀನಿ ಅಂದೆ. ನಗಾಕತ್ರು. ಒಂದು ಪಾಠ ಮಾಡಿಸಿದ್ರು."

"ಸೀರಿ? ವಾಸನಿ?"

"ಯಾರೂ ಅದನ್ನ ಕೇಳಲಿಲ್ಲ ಮುತ್ಯಾ. ನನಗೂ ನೆನಪಾಗ್ಲಿಲ್ಲ."

ನಾನು ಅದನ್ನೇ ಆಮೇಲೆ ಬಹಳ ಸಲ ಯೋಚಿಸಿದೆ. ಅಷ್ಟು ತಿಂಗಳು ಸಂತೆ ತಿರುಗಿ, ಬಿಸಿಲಲ್ಲಿ ಸೆರಗು ಒಣಗಿಸಿ, ಕೊನೆಗೆ ಅವಳಿಗೆ ನೆನಪೇ ಆಗಲಿಲ್ಲವಂತೆ. ಪಾಲಿಶ್ ಸರಿಯಾದ ಪರಸಿಯ ಮೇಲೆ ನಡೆಯುವವರೂ ಕಾಲ ಕೆಳಗೆ ನೋಡುವುದಿಲ್ಲ.

ಆಮೇಲೆ ಕಾಯುವುದು. ಮಳೆ ಬರುವ ಹಾಗಾಯಿತು, ಮಲ್ಲಣ್ಣನ ಗಡುವು ಮುಗಿಯುತ್ತ ಬಂತು. ತಾಂಡೂರಿನವರು ಹೂಂ ಅಥವಾ ಉಹೂಂ ಕೇಳಿ ಬರಲು ಸರೋಜಾಳನ್ನೇ ಕಳಿಸಿದರು. ಗುರುವಾರ ಅವಳು ಬೆಳಗಿನ ಗಾಡಿಗೆ ಬರಬೇಕಾಗಿತ್ತು, ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೆವರಿಳಿಸುತ್ತ ಬಂದಳು. ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತು ಮಲ್ಲಣ್ಣನನ್ನು ಕರೆದಳು.

"ಅಣ್ಣಾ, ದಾರ್‍ಯಾಗ ಸೇಡಂನ್ಯಾಗ ಇಳಿದೆ. ಸಾಲಿಗಿ ಹೋಗಿ ದೊಡ್ಡ ಟೀಚರಿಗಿ ಕೇಳಿದೆ. ನಿಮ್ಮ ಹುಡುಗಿನೇ ಆಗ್ಯಾಳ, ಸೋಮವಾರ ಕಳಿಸ್ರಿ ಅಂದ್ರು."

ಚಪ್ಪಲಿ ಬಿಡುತ್ತ ಸರೋಜಾ ಮುಂದುವರಿಸಿದಳು, "ತಾಂಡೂರಿನವರಿಗಿ ನಾನೇ ಹೇಳ್ತೀನಿ ತಗೋ. ನಮ್ಮ ಹುಡುಗಿಗಿ ಪುರುಸೊತ್ತಿಲ್ಲ ಅಂತೀನಿ."

ಸುವರ್ಣಾ ಅಡಿಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದು ಅತ್ತೆಯನ್ನು ಅಪ್ಪಿಕೊಂಡಳು. "ಹಂಗೇ ಇಳಿದು ಕೇಳಬೇಕಂತ ನಿನಗ ಯಾರು ಹೇಳಿದ್ರು ಅತ್ತಿ?" ಎಂದಳು. ಸರೋಜಾ, "ಸೆರಗು ತೊಳದಿ ಅಂತ ನಮ್ಮಪ್ಪ ಅವತ್ತ ಹೇಳಿದಾಗಿಂದ ನನಗ ನಿದ್ದಿ ಇಲ್ಲ" ಎಂದಳು. ಮಲ್ಲಣ್ಣ ಗೋಡೆಯ ಕಡೆ ತಿರುಗಿ ನಿಂತಿದ್ದ. ನಾನು ಎದ್ದು ಹೊರಗೆ ಹೋಗಿ ಓಣಿಯ ಮೊದಲ ಮನೆಯಿಂದ ಹೇಳುತ್ತ ಬಂದೆ.

ಅವತ್ತು ಸಂಜೆ ನನ್ನ ಹೆಂಡತಿ ಹೋಳಿಗೆ ಮಾಡಿದಳು. ಕಟ್ಟಿನ ಸಾರು, ಪುಂಡಿ ಪಲ್ಯ, ಬಿಸಿ ಜೋಳದ ರೊಟ್ಟಿ. ಅಂಗಳದ ಪರಸಿಗೆ ನೀರು ಹೊಡೆದು ಎಲ್ಲರೂ ಸಾಲಾಗಿ ಕುಳಿತೆವು. ಸುವರ್ಣಾ ಕೊನೆಗೆ ಬಂದು ನನ್ನ ಪಕ್ಕದಲ್ಲಿ ಕುಳಿತಳು. ಅವಳು ಕೂತದ್ದೇ ತಡ, ಆ ಕಡೆಯಿಂದ ನನ್ನ ಹೆಂಡತಿ, "ಏನಿದು, ಬಾಟ್ಲಿನೇ ಸುರುವಿಕೊಂಡಿ ಏನು ಇವತ್ತು?" ಎಂದಳು. ಸರೋಜಾ ಸೆರಗಿನಿಂದ ಮೂಗು ಮುಚ್ಚಿಕೊಂಡು, "ನನಗ ಅಷ್ಟು ಅಂತಿದ್ದಿ, ಈಗ ನೀನು?" ಎಂದಳು.

ಸುವರ್ಣಾ ನನ್ನ ಕಡೆ ಬಾಗಿದಳು.

"ಮುತ್ಯಾ, ಬಂತೇನು?"

ಬಂತು. ಎಷ್ಟೋ ಕಾಲದ ಮೇಲೆ ಬಂತು. ಮಧ್ಯಾಹ್ನ ನೀರು ಬಿಟ್ಟ ಕಲ್ಲಿನ ತಂಪು, ಸುತ್ತಿಗೆ ಕೆಳಗಿಟ್ಟ ಗಳಿಗೆ, ಎಲ್ಲ ಬಂತು.

"ಬಂತವ್ವ" ಎಂದೆ.

"ಇವತ್ತ ನಿನಗಂತ ಹಚ್ಚೀನಿ" ಎಂದು ಅವಳು ರೊಟ್ಟಿ ಮುರಿದಳು.

"ಹೋಳಿಗ್ಯಾಗೂ ಖಸ್ ವಾಸನಿನೇ ಬರಾಕತ್ತದ" ಎಂದು ಸರೋಜಾ ಗೊಣಗಿದಳು. ಎಲ್ಲರೂ ನಗುತ್ತ ಊಟಕ್ಕೆ ಕೈ ಹಾಕಿದರು. ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.